ನಾಲ್ಕನೇ ಹಂತದ ಗಾಳಿ

ಕನ್ನಡದಲ್ಲಿ ಗಾಳಿಗೆ ಅಂಥ ಮರ್ಯಾದೆಯೇನೂ ಇಲ್ಲ ಎಂಬುದು ನನ್ನ ಬಹುಕಾಲದ ದೂರು. ಬುಡವಿಲ್ಲದ ಸುದ್ದಿಯನ್ನು ಗಾಳಿಮಾತು ಎನ್ನುತ್ತೇವೆ, ಕೈಗೂಡದ ಆಸೆಯನ್ನು ಗಾಳಿಗೋಪುರ ಎನ್ನುತ್ತೇವೆ, ಹಿರಿಯರ ಬುದ್ಧಿಮಾತನ್ನು ಗಾಳಿಗೆ ತೂರುತ್ತೇವೆ, ಮನೆಯ ಸೊಸೆ ಎರಡು ದಿನ ಮಂಕಾಗಿ ಕೂತರೆ ಏನೋ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸುತ್ತೇವೆ. "ಗಾಳಿ ಬಂದಾಗ ತೂರಿಕೋ" ಎಂದ ಹಿರಿಯರು ಒಂದು ವಾರ ಚೆಂಬೂರಿನಲ್ಲಿ ಬಿಡಾರ ಹೂಡಿದ್ದರೆ "ಗಾಳಿ ಬಂದಾಗ ಕಿಟಕಿ ಹಾಕಿಕೋ" ಎಂದು ಗಾದೆಯನ್ನು ತಿದ್ದುತ್ತಿದ್ದರು. ಅವರು ತಿದ್ದಲಿಲ್ಲ. ತಿದ್ದಿದವನು ನಾನು. ಅದರಿಂದ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚೆಂಬೂರಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಹಳೆಯ ಬಿಲ್ಡಿಂಗು, ಮೂರನೇ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ತೋರಿಸಲು ಬಂದ ದಲಾಲ ಕಿಟಕಿಯನ್ನು ಧಡಾರನೆ ತೆರೆದು, "ಹವಾ ದೇಖೋ ಮಾಸ್ತರ್‌ಜೀ, ಪೂರಾ ದಿನ್ ಹವಾ" ಎಂದಿದ್ದ. ಅವನು ಸುಳ್ಳು ಹೇಳಲಿಲ್ಲ. ಹವೆ ದಿನವಿಡೀ ಬರುತ್ತಿತ್ತು. ಬರುವಾಗ ಜೊತೆಗೆ ಯಾರನ್ನೆಲ್ಲ ಕರೆದುಕೊಂಡು ಬರುತ್ತದೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿಟಕಿಯಾಚೆ ದೂರದಲ್ಲಿ ಕಾರ್ಖಾನೆಗಳ ಚಿಮಣಿಗಳು ಸಾಲಾಗಿ ಕಾಣುತ್ತಿದ್ದವು. ನಾನು ಹೆಂಡತಿಗೆ ಅವನ್ನು ತೋರಿಸಿ, "ನೋಡು ಜಾನಕಿ, ದೇಶ ಹೇಗೆ ಮುಂದುವರಿಯುತ್ತಿದೆ" ಎಂದೆ. ದೇಶ ಮುಂದುವರಿದು ಮುಂದುವರಿದು ನಮ್ಮ ಅಡುಗೆಮನೆಯ ಹಾಲಿನ ಪಾತ್ರೆಯೊಳಗೇ ಬಂದು ಕೂರುತ್ತದೆ ಎಂದು ಆಗ ತಿಳಿದಿರಲಿಲ್ಲ.

ಜಾನಕಿ ತುಮಕೂರಿನ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದಾಗ ಅವಳಿಗೆ ಉಬ್ಬಸ ಎಂದರೆ ಏನೆಂದೇ ಗೊತ್ತಿರಲಿಲ್ಲ. ಚೆಂಬೂರಿನ ಮೂರನೇ ಚಳಿಗಾಲದ ಹೊತ್ತಿಗೆ ಆ ವಿಷಯದಲ್ಲಿ ಅವಳು ಪಂಡಿತೆಯಾಗಿದ್ದಳು. ಬೆಳಿಗ್ಗೆ ಎದ್ದವಳು ಕಿಟಕಿಯ ಅಡಿಪಟ್ಟಿಯ ಮೇಲೆ ಬೆರಳೆಳೆದು ನೋಡುವಳು. ಬೆರಳು ಬೂದಿಬಣ್ಣವಾದರೆ ಬಟ್ಟೆ ಒಗೆಯಬಹುದು, ಕಪ್ಪಾದರೆ ಒಗೆದದ್ದನ್ನು ಮತ್ತೆ ಒಗೆಯಬೇಕು. ನಮ್ಮ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಎಲ್ಲ ಡಾಕ್ಟರೂ ಹೇಳುವ ಹಾಗೆ "ಸ್ವಲ್ಪ ಹವಾ ಬದಲಾಯಿಸಿ" ಎಂದರು. ಬದಲಾಯಿಸಲು ಹವೆಯೇನು ಅಂಗಿಯೇ? ಆದರೂ ಘಾಟ್ಕೋಪರಿನಲ್ಲಿದ್ದ ಅವಳ ಚಿಕ್ಕಮ್ಮನ ಮನೆಗೆ ಒಂದು ವಾರ ಹೋಗಿ ಬಂದೆವು. ಅಲ್ಲಿನ ಹವೆಯೂ ಇಲ್ಲಿನದೇ. ಚೆಂಬೂರಿನಲ್ಲಿ ಗಂಟಲು ಕೆರೆಯುವುದರ ಬದಲು ಅಲ್ಲಿ ಕಣ್ಣು ಉರಿಯುತ್ತಿತ್ತು, ಅಷ್ಟೇ. ವಿಕ್ರೋಳಿಯಲ್ಲಿ ಮನೆ ಮಾಡಿಕೊಂಡಿದ್ದ ನನ್ನ ಚಿಕ್ಕಪ್ಪ ಮಾತ್ರ, "ನಮ್ಮ ಕಡೆ ಬನ್ನಿ, ನಮ್ಮದು ಬೇರೆ ಥರದ ಹೊಗೆ" ಎಂದು ತವರಿನ ಮಾವಿನಹಣ್ಣಿಗೆ ಕರೆದಷ್ಟು ಅಭಿಮಾನದಿಂದ ಕರೆದರು. ನಾವು ಹೋಗಲಿಲ್ಲ.

ಇಂಥ ಸಮಯದಲ್ಲಿ ನಮ್ಮ ಶಾಲೆಗೆ ಒಂದು ಲಕೋಟೆ ಬಂತು. ಊರಿನ ಹೊಗೆಯ ಬಗ್ಗೆ ತಲೆಕೆಡಿಸಿಕೊಂಡಿದ್ದ ಒಂದು ಕಚೇರಿಯವರು ಇಂಗ್ಲಿಷಿನಲ್ಲಿ ಒಂದು ಪುಟದ ಕರಪತ್ರ ಬರೆದಿದ್ದರು. ಅದನ್ನು ಊರಿನಲ್ಲಿ ಆಡುವ ಎಲ್ಲ ಭಾಷೆಗಳಲ್ಲೂ ಅಚ್ಚು ಹಾಕಿಸಿ ಹಂಚಬೇಕಂತೆ. ಗಾಳಿಯನ್ನು ನಾಲ್ಕು ಹಂತವಾಗಿ ವಿಂಗಡಿಸಿ, ಯಾವ ಹಂತದಲ್ಲಿ ಮನುಷ್ಯನ ಕಣ್ಣಿಗೇನು, ಗಂಟಲಿಗೇನು, ಎದೆಗೇನು, ಯಾರು ಎಚ್ಚರವಾಗಿರಬೇಕು, ಏನು ಮಾಡಬೇಕು ಎಂದು ವಿವರಿಸಿದ ಕರಪತ್ರ. ಕನ್ನಡಕ್ಕೆ ತರುವವರು ಯಾರು ಎಂದು ಹೆಡ್‌ಮಾಸ್ತರರು ಸಭೆಯಲ್ಲಿ ಕೇಳಿದಾಗ ಉಳಿದ ಮಾಸ್ತರರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. ಹಿಂದಿನ ವರ್ಷ ಶಾಲೆಯ ಪತ್ರಿಕೆಯಲ್ಲಿ ನಾನು ಭಾಮಿನಿ ಷಟ್ಪದಿಯಲ್ಲಿ ಒಂದು ಪದ್ಯ ಬರೆದಿದ್ದೆ. ಒಂದು ಪದ್ಯ ಬರೆದವನಿಗೆ ಜೀವಮಾನವಿಡೀ ಅರ್ಜಿ ಬರೆಯುವ ಕೆಲಸ ತಪ್ಪುವುದಿಲ್ಲ.

ಕೆಲವು ಅನುಮಾನಗಳಿದ್ದವು. ಹಾಗಾಗಿ ಆ ಕಚೇರಿಗೇ ಹೋದೆ. ಅಲ್ಲಿನ ಸಾಹೇಬರು ಕನ್ನಡಕದ ತೆಳ್ಳನೆಯ ಮನುಷ್ಯ, ಬಹಳ ಮರ್ಯಾದಸ್ಥರು. ಅವರು ಮರಾಠಿಯಲ್ಲಿಯೂ ನಾನು ನನಗೆ ಬಂದಷ್ಟು ಹಿಂದಿಯಲ್ಲಿಯೂ ಮಾತಾಡಿದೆವು. ಊರಿನ ಕೆಲವು ಮಾಳಿಗೆಗಳ ಮೇಲೆ ಯಂತ್ರ ಇಟ್ಟಿದ್ದಾರೆ, ಅದು ಗಾಳಿಯನ್ನು ಒಂದು ಬಿಳಿ ಕಾಗದದ ಮೂಲಕ ಎಳೆಯುತ್ತದೆ, ಕಾಗದದ ಮೇಲೆ ಕೂತ ಕೊಳೆಯನ್ನು ತೂಗಿ ಗಾಳಿ ಯಾವ ಹಂತದ್ದು ಎಂದು ಹೇಳುತ್ತಾರೆ ಎಂದು ವಿವರಿಸಿದರು. ನನಗೆ ಬಹಳ ಸಂತೋಷವಾಯಿತು.

"ನಿನ್ನೆ ನಮ್ಮ ಚೆಂಬೂರಿನಲ್ಲಿ ಯಾವ ಹಂತ ಇತ್ತು ಸಾಹೇಬರೇ?" ಎಂದು ಕೇಳಿದೆ.

"ಕಾಗದ ಬಂದಿದೆ. ತೂಗಬೇಕು, ಲೆಕ್ಕ ಹಾಕಬೇಕು, ಮೇಲಿನವರ ಸಹಿ ಆಗಬೇಕು. ಮುಂದಿನ ತಿಂಗಳು ಗೊತ್ತಾಗುತ್ತದೆ."

"ನಾಲ್ಕನೇ ಹಂತದಲ್ಲಿ ಕಿಟಕಿ ಮುಚ್ಚಿ ಒಳಗಿರಿ ಎಂದು ಇಲ್ಲಿ ಬರೆದಿದೆಯಲ್ಲ. ಅದು ನಾಲ್ಕನೇ ಹಂತ ಎಂದು ಮುಂದಿನ ತಿಂಗಳು ಗೊತ್ತಾದರೆ ಯಾವಾಗ ಮುಚ್ಚುವುದು?"

ಅವರು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು. ಕರವಸ್ತ್ರ ಬೂದಿಬಣ್ಣವಾಯಿತು. "ಅದಕ್ಕೇ ಮಾಸ್ತರ್, ಲಕ್ಷಣಗಳನ್ನು ಚೆನ್ನಾಗಿ ಬರೆಯಿರಿ. ಜನ ಕಣ್ಣಿಂದ, ಮೂಗಿಂದ ತಿಳಿದುಕೊಳ್ಳಲಿ. ಯಂತ್ರ ನಮ್ಮ ಸಮಾಧಾನಕ್ಕೆ" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬಹಳ ಮನಸ್ಸಿತ್ತು. ಆದರೆ ಅವರೇ ಮಾತಿನ ನಡುವೆ ಎರಡು ಸಲ ಕೆಮ್ಮಿದ್ದರಿಂದ ಸುಮ್ಮನೆ ಚಹಾ ಕುಡಿದು ಬಂದೆ.

ಆಮೇಲೆ ಶುರುವಾಯಿತು ಅನುವಾದದ ಫಜೀತಿ. ನಾಲ್ಕು ಹಂತಗಳಿಗೆ ನಾಲ್ಕು ಹೆಸರು ಬೇಕು. ನಾನು ಭಾನುವಾರವೆಲ್ಲ ಕೂತು "ನಿರ್ಮಲ, ಈಷತ್ ಮಲಿನ, ಮಲಿನ, ಅತಿಮಲಿನ" ಎಂದು ಬರೆದು, ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು ಜಾನಕಿಗೆ ಓದಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, "ನೆಗಡಿಯಾಯ್ತೇನ್ರೀ?" ಎಂದಳು. ಯಾಕೆ ಎಂದೆ. "ಅದೇನೋ ಈಷತ್ ಅಂದ್ರಲ್ಲ, ಸೀನಿದ್ರೇನೋ ಅನ್ಕೊಂಡೆ." ಎರಡು ಸಾವಿರ ವರ್ಷದ ಸಂಸ್ಕೃತಿ ನಮ್ಮ ಅಡುಗೆಮನೆಯಲ್ಲಿ ಒಂದು ಸೀನಿಗೆ ಹಾರಿಹೋಯಿತು. ಈಷತ್ ಹೊಡೆದುಹಾಕಿ "ಒಳ್ಳೆಯ ಗಾಳಿ, ಸ್ವಲ್ಪ ಹೊಗೆ, ಹೆಚ್ಚು ಹೊಗೆ, ಅಪಾಯದ ಹೊಗೆ" ಎಂದು ಬದಲಿಸಿದೆ.

ಅದಕ್ಕೆ ವಾಸಣ್ಣನ ತಕರಾರು ಬಂತು. ವಾಸಣ್ಣ ಉಡುಪಿಯ ಕಡೆಯವನು, ನಮ್ಮ ಬಿಲ್ಡಿಂಗಿನ ಕೆಳಗೇ ಅವನ ಹೋಟೆಲು. ಅವನ ಕಲ್ಲಿದ್ದಲಿನ ಭಟ್ಟಿಯ ಹೊಗೆ ನೇರ ನಮ್ಮ ಮನೆಯ ಮುಂದಿನ ಗ್ಯಾಲರಿಗೆ ಬರುತ್ತಿತ್ತು, ಅದರ ಹಿಂದೆಯೇ ಸಾಂಬಾರಿನ ವಾಸನೆಯೂ ಬರುತ್ತಿದ್ದುದರಿಂದ ಯಾರೂ ಅವನ ಮೇಲೆ ದೂರು ಕೊಟ್ಟಿರಲಿಲ್ಲ. ಕರಪತ್ರದ ಕರಡನ್ನು ಅವನ ಗಲ್ಲಾದ ಎದುರು ಕೂತು ಓದಿ ಹೇಳಿದಾಗ ಅವನ ಮುಖ ಇಳಿಯಿತು.

"ಹೊಗೆ ಅಂತ ಹಾಕ್ಬೇಡಿ ಮಾಸ್ಟ್ರೇ. ಜನ ಓದಿ ಮೊದ್ಲು ನೋಡುದು ನನ್ನ ಭಟ್ಟಿ. ಆ ದೊಡ್ಡ ದೊಡ್ಡ ಕಾರ್ಖಾನೆಯವ್ರನ್ನು ಕೇಳ್ಲಿಕ್ಕೆ ಯಾರು ಹೋಗ್ತಾರೆ ಮಾರಾಯ್ರೆ?"

"ಮತ್ತೆ ಏನಂತ ಹಾಕಲಿ?"

"ಮಂಜು ಅಂತ ಹಾಕಿ. ಮಂಜಿಗೆ ಯಾರ ಹೆಸ್ರೂ ಇಲ್ಲ."

ಮಂಜು ಎಂದು ಹಾಕಿದರೆ ಜನ ಕಿಟಕಿ ತೆರೆದು ನೋಡುತ್ತಾ ನಿಲ್ಲುತ್ತಾರೆ ಎಂದು ಎಷ್ಟು ಹೇಳಿದರೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಆ ದಿನ ನನ್ನ ಕಾಫಿಗೆ ಹಾಲು ಕಡಿಮೆಯಿತ್ತು.

ಮೂರನೆಯ ಪರೀಕ್ಷಕಿ ಮಲ್ಲವ್ವ. ಬಿಜಾಪುರದ ಕಡೆಯ ಹೆಂಗಸು, ನಲವತ್ತರ ಆಸುಪಾಸು. ನಮ್ಮ ಬೀದಿಯ ತುದಿಯಲ್ಲಿ ಏಳುತ್ತಿದ್ದ ಹೊಸ ಬಿಲ್ಡಿಂಗಿನಲ್ಲಿ ಗಾರೆ ಹೊರುವ ಕೆಲಸ, ಅದರ ಹಿಂದೆಯೇ ತಗಡಿನ ಗುಡಿಸಲು. ಓದಲು ಬಾರದು, ಊರಿಗೆ ಕಾಗದ ಬರೆಸಲು ತಿಂಗಳಿಗೊಮ್ಮೆ ಪೋಸ್ಟ್‌ಕಾರ್ಡ್ ಹಿಡಿದು ನನ್ನ ಬಳಿ ಬರುತ್ತಿದ್ದಳು. ಅವಳಿಗೂ ಕರಡನ್ನು ಓದಿ ಹೇಳಿದೆ. ಎರಡನೇ ಹಂತದಲ್ಲಿ ಶ್ರಮದ ಕೆಲಸ ಮಾಡುವವರಿಗೆ ಅಲ್ಪ ಪ್ರಮಾಣದ ಶ್ವಾಸಕ್ಲೇಶ, ಮೂರನೆಯದರಲ್ಲಿ ಗಣನೀಯ ಶ್ವಾಸಕ್ಲೇಶ ಎಂದು ಬರೆದಿದ್ದೆ.

"ಇದು ಯಾರಿಗೆ ತಿಳೀತೈತ್ರಿ ಮಾಸ್ತರ್ರ?" ಎಂದಳು. "ನಾ ಹೇಳತೀನಿ ಬರಕೋರಿ. ಬುಟ್ಟಿ ಹೊತಗೊಂಡು ಮೆಟ್ಟಲಾ ಏರಕೋತ ಹಾಡಾಕ ಬರತೈತಿ ಅಂದ್ರ ಗಾಳಿ ಚಲೋ ಐತಿ. ಹಾಡಾಕ ಆಗೂದಿಲ್ಲ, ಮಾತಾಡಾಕ ಅಕ್ಕೈತಿ ಅಂದ್ರ ಎರಡನೇದ್ದು. ಮಾತೂ ಆಗಂಗಿಲ್ಲ, ನಡುವ ನಿಂತು ಉಸರ ತಗೋಬೇಕು, ಅದು ಮೂರನೇದ್ದು."

"ನಾಲ್ಕನೆಯದು?"

"ಕುರ್ಚಿ ಮ್ಯಾಲ ಕುಂತ ಮುಕಾದಮ್ ಸೈತ ಕೆಮ್ಮಾಕ ಹತ್ತಿದಾ ಅಂದ್ರ ಅದು ನಾಕನೇದ್ದು. ಅವತ್ತ ಕೆಲಸಾ ಬಂದ್."

ಅಡುಗೆಮನೆಯಿಂದ ಜಾನಕಿ, "ಅದನ್ನೇ ಬರೀರಿ, ಅದು ಅರ್ಥವಾಗತ್ತೆ" ಎಂದು ಕೂಗಿ, ಕೊಡ ಹಿಡಿದು ನೀರಿಗೆ ಕೆಳಗೆ ಹೋದಳು. ಅರ್ಥವಾಗುತ್ತದೆ, ನಿಜ. ಆದರೆ ಒಂದು ಕಚೇರಿಯ ಕರಪತ್ರದಲ್ಲಿ ಕೂಲಿಗಳ ಮೇಲ್ವಿಚಾರಕ ಮುಕಾದಮ್ ಕೆಮ್ಮುವುದನ್ನು ಹೇಗೆ ಬರೆಯುವುದು? ಘನತೆ ಎಂಬುದೊಂದಿದೆ. ನಾನು "ಏದುಸಿರು" ಎಂಬ ಮಟ್ಟಕ್ಕೆ ಇಳಿದೆ, ಅದಕ್ಕಿಂತ ಕೆಳಗಿಳಿಯಲಿಲ್ಲ. ನಾಲ್ಕನೇ ಹಂತದ ಸಲಹೆಯನ್ನು ಓದಿದೆ: ಉಬ್ಬಸದವರು, ಎದೆಬೇನೆಯವರು, ವೃದ್ಧರು, ಮಕ್ಕಳು ಕಿಟಕಿ ಬಾಗಿಲು ಮುಚ್ಚಿ ಮನೆಯೊಳಗೇ ಇರಬೇಕು.

"ಒಳಗ ಒಲಿ ಐತೆಲ್ರಿ," ಎಂದಳು ಮಲ್ಲವ್ವ. " ಹೊರಗಿನ ಹೊಗಿ ಕಾರ್ಖಾನೀದು, ಒಳಗಿನ ಹೊಗಿ ನಂದು. ಯಾವದ್ರಾಗ ಕುಂದ್ರಲಿ?"

"ಅದಕ್ಕೂ ಕೊನೆಯಲ್ಲಿ ಎರಡು ಸಾಲಿದೆ ಮಲ್ಲವ್ವ. ಮುಚ್ಚಿದ ಕೋಣೆಯೊಳಗೆ ಸೌದೆಯನ್ನಾಗಲಿ ಇದ್ದಿಲನ್ನಾಗಲಿ ಉರಿಸಬಾರದು, ಅದರ ವಿಷಗಾಳಿ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ ಅಂತ."

"ಹಂಗಂದ್ರ ಉಣ್ಣೂದು?"

ಅವಳ ಪೋಸ್ಟ್‌ಕಾರ್ಡ್ ಬರೆದುಕೊಟ್ಟು ಕಳಿಸಿದೆ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಬರೀ ಹೊಗೆ, ಕೆಮ್ಮು, ಏದುಸಿರು ಎಂದು ತುಂಬಿಹೋದ ಆ ಪುಟವನ್ನು ನೋಡಿ ನನಗೆ ಬೇಸರವಾಗಿತ್ತು. ಕನ್ನಡಿಗರ ಕೈಗೆ ಹೋಗುವ ಕಾಗದ, ಮೇಲೆ ಒಂದು ಮಂಗಳಪದ್ಯವಾದರೂ ಬೇಡವೇ? ಎರಡು ದಿನ ಊಟ ನಿದ್ದೆ ಬಿಟ್ಟು ವಾಯುದೇವನ ಮೇಲೆ ಭಾಮಿನಿಯಲ್ಲಿ ಆರು ಸಾಲು ಬರೆದೆ. ಪ್ರಾಸ ಎಲ್ಲೂ ತಪ್ಪಿರಲಿಲ್ಲ. ಅದನ್ನು ತಲೆಬರಹದ ಕೆಳಗೆ ಕೂರಿಸಿ ದಾದರಿನ ಅಚ್ಚುಕೂಟಕ್ಕೆ ಒಯ್ದೆ. ಅಚ್ಚುಮೊಳೆ ಜೋಡಿಸುವ ಮುದುಕರು ಅಳತೆ ಮಾಡಿ ನೋಡಿ, "ಎರಡು ಸಾಲು ಜಾಸ್ತಿ ಉಂಟು. ಪದ್ಯ ತೆಗೀಲಾ?" ಎಂದರು. ಅವರು ಎಷ್ಟು ಸಹಜವಾಗಿ ಕೇಳಿದರೆಂದರೆ, ಆ ಸಹಜತೆಗೇ ನನಗೆ ರೇಗಿಹೋಯಿತು. ಪದ್ಯ ತೆಗೆಯಬೇಡಿ ಎಂದೆ. ಮತ್ತೆ ಯಾವುದು ಎಂದರು. ನಾನು ಮೇಲಿನಿಂದ ಕೆಳಗಿನವರೆಗೆ ಓದಿ, ಕೆಂಪು ಪೆನ್ಸಿಲಿನಿಂದ ಕೊನೆಯ ಎರಡು ಸಾಲು ಹೊಡೆದೆ. ಬಾಗಿಲು ಮುಚ್ಚಿಕೊಂಡು ಬೆಂಕಿ ಹಾಕಬಾರದು ಎಂಬುದು ಯಾರಿಗೆ ಗೊತ್ತಿಲ್ಲ ಎಂದು ನನ್ನ ವಾದ. ಆ ವಾದವನ್ನು ಯಾರ ಮುಂದೆಯೂ ಮಂಡಿಸಬೇಕಾಗಿ ಬರಲಿಲ್ಲ. ಮುದುಕರು "ಆಯ್ತು" ಎಂದು ಮೊಳೆ ಕಿತ್ತರು.

ಕರಪತ್ರ ಅಚ್ಚಾಗಿ ಬಂತು. ಶಾಲೆಯ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸಿದೆ, ಒಂದು ಕಟ್ಟು ವಾಸಣ್ಣನ ಗಲ್ಲಾದ ಮೇಲೆ ಇಟ್ಟೆ, ಮಲ್ಲವ್ವನ ಕೈಗೆ ಅವಳ ಸಾಲಿನವರಿಗೆಂದು ಇಪ್ಪತ್ತು ಕೊಟ್ಟೆ, ಒಂದನ್ನು ನಮ್ಮ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಅಂಟಿಸಿದೆ. ಅಂದಿನಿಂದ ನನ್ನ ಗ್ರಹಚಾರ ಕೆಟ್ಟಿತು. ಗಾಳಿಯನ್ನು ನಾನೇ ತಯಾರಿಸುತ್ತೇನೋ ಎಂಬಂತೆ ಬಿಲ್ಡಿಂಗಿನವರು ಮೆಟ್ಟಿಲಲ್ಲಿ ಅಡ್ಡಗಟ್ಟಿ, "ಮಾಸ್ತರ್, ಆಜ್ ಕೌನ್ಸಾ ನಂಬರ್ ಹೈ?" ಎಂದು ಕೇಳತೊಡಗಿದರು. ಎರಡು ಎಂದರೆ, "ಏನು ಎರಡು, ನನ್ನ ಮಗು ರಾತ್ರಿಯೆಲ್ಲ ಕೆಮ್ಮಿದೆ, ಸರಿಯಾಗಿ ನೋಡಿ" ಎಂದು ಚೌಕಾಸಿ. ಮೂರು ಎಂದರೆ ಕೆಳಗಿನ ಮಾಳಿಗೆಯವರಿಗೆ ಸಿಟ್ಟು. ಅವರ ಮಗಳನ್ನು ನೋಡಲು ಅಂದು ಗಂಡಿನ ಕಡೆಯವರು ಬರುವವರಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಾ ಗ್ಯಾಲರಿಯಲ್ಲಿ ನಿಂತರೆ ಎದುರಿನ ಬಿಲ್ಡಿಂಗಿನಿಂದ ಬೆರಳೆತ್ತಿ ಎರಡೋ ಮೂರೋ ಎಂದು ಸನ್ನೆ ಮಾಡಿ ಕೇಳುವವರಿದ್ದರು. ಬಾಯಿತುಂಬ ನೊರೆ ಇಟ್ಟುಕೊಂಡು ನಾನು ಬೆರಳೆತ್ತಿ ಉತ್ತರ ಕೊಡುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ. ಬೆಳಿಗ್ಗೆಯಿಂದಲೇ ಗಾಳಿ ನಿಂತುಹೋಗಿತ್ತು. ಆಕಾಶ ಕಂದುಬಣ್ಣವಾಗಿ ಬಿಲ್ಡಿಂಗುಗಳ ತಲೆಯ ಮೇಲೆ ಕೂತಿತ್ತು. ಎಂಟು ಗಂಟೆಯ ಹೊತ್ತಿಗೆ ಒಂದು ಘಾಟು ಶುರುವಾಯಿತು. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ, ಮೂಗಿನಲ್ಲಿ ಸೂಜಿ ಆಡಿಸಿದ ಹಾಗೆ. ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ನನ್ನ ಕರಪತ್ರದ ನಾಲ್ಕನೇ ಹಂತ ಅಕ್ಷರಶಃ ಎದುರಿಗೆ ಬಂದು ನಿಂತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಶಾಲೆಯಲ್ಲಿ ಎಲ್ಲ ತರಗತಿಗಳ ಕಿಟಕಿ ಹಾಕಿಸಿದೆ. ಕರವಸ್ತ್ರ ಮೂಗಿಗೆ ಹಿಡಿದು ಮಕ್ಕಳಿಗೆ ನಾಲ್ಕು ಹಂತಗಳ ಬಗ್ಗೆ ಪಾಠ ಮಾಡಿದೆ, ಪದ್ಯವನ್ನೂ ಬಾಯಿಪಾಠ ಮಾಡಿಸಿದೆ. ಕೆಮ್ಮುತ್ತಾ ಹಾಡಿದ ಭಾಮಿನಿ ಷಟ್ಪದಿಯನ್ನು ಚೆಂಬೂರು ಅಂದೇ ಮೊದಲು ಕೇಳಿದ್ದು.

ಮಧ್ಯಾಹ್ನ ಹನ್ನೆರಡಕ್ಕೆ ಶಾಲೆ ಬಿಟ್ಟು ಮನೆಗೆ ಬಂದರೆ ಮೂರನೇ ಮಾಳಿಗೆಯ ಗ್ಯಾಲರಿಯಲ್ಲಿ ಜನ ಸೇರಿದ್ದರು. ನಮ್ಮ ಮನೆಯ ಬಾಗಿಲಿನ ಅಗುಳಿ ಮುರಿದು ನೇತಾಡುತ್ತಿತ್ತು. ನೆಲದ ಮೇಲೆ ಜಾನಕಿ ಮಲಗಿದ್ದಳು, ತಲೆ ಮಲ್ಲವ್ವನ ತೊಡೆಯ ಮೇಲೆ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಅರ್ಧ ಮುಚ್ಚಿತ್ತು. ವಾಸಣ್ಣ ಮಂಡಿಯೂರಿ ಕೂತು ಕೈಯಲ್ಲಿದ್ದ ಕಾಗದಗಳಿಂದ ಅವಳಿಗೆ ಗಾಳಿ ಹಾಕುತ್ತಿದ್ದ. ಹತ್ತಿರ ಹೋದಾಗ ಅವು ನನ್ನ ಕರಪತ್ರಗಳೆಂದು ಕಂಡಿತು.

ನಾನೂ ಅವಳ ಪಕ್ಕದಲ್ಲಿ ಮಂಡಿಯೂರಿದೆ. "ಏನಾಯ್ತು?" ಎಂದು ಕೇಳಿದೆ.

"ಉಸರ ಐತ್ರಿ, ಅಂಜಬ್ಯಾಡ್ರಿ," ಎಂದಳು ಮಲ್ಲವ್ವ. "ಮುಕಾದಮ್ ಕೆಮ್ಮಿ ಕೆಮ್ಮಿ ಕೆಲಸಾ ಬಂದ್ ಮಾಡಿದಾ. ಕಾಗದಾ ಬರಸೂಣಂತ ಇತ್ತ ಬಂದೆ. ಕದಾ ಬಡದೆ, ಬಡದೆ, ಓ ಅನ್ಲಿಲ್ಲ. ಒಳಗ ಕೊಡಾ ಬಿದ್ದಂಗ ಸಪ್ಪಳಾತು. ಕೆಳಗ ಓಡಿಹೋಗಿ ಇವರನ್ನ ಕರಕೊಂಡು ಬಂದೆ."

"ಭುಜ ಕೊಟ್ಟು ಬಾಗಿಲು ಮುರಿದೆ ಮಾಸ್ಟ್ರೇ," ಎಂದ ವಾಸಣ್ಣ, ತಪ್ಪೊಪ್ಪಿಕೊಳ್ಳುವವನ ಹಾಗೆ. "ಒಳಗೆ ಒಂದು ತೂತೂ ಬಿಡದೆ ಮುಚ್ಚಿದ್ರು. ಕಿಟಕಿ ಬಂದ್, ಬಾಗ್ಲ ಅಡಿಗೆ ಒದ್ದೆ ಬಟ್ಟೆ. ನಡೂ ಮಧ್ಯ ಶೇಗಡಿ ಉರೀತಾ ಉಂಟು."

ಶೇಗಡಿ ಎಂದರೆ ಇದ್ದಿಲಿನ ಕಬ್ಬಿಣದ ಒಲೆ. ಆ ವಾರ ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಬಿಲ್ಡಿಂಗಿನ ಹೆಂಗಸರೆಲ್ಲ ಶೇಗಡಿಯನ್ನು ಗ್ಯಾಲರಿಯಲ್ಲಿ ಹೊತ್ತಿಸಿ ಅಲ್ಲೇ ಅಡುಗೆ ಮಾಡುತ್ತಿದ್ದರು. ಜಾನಕಿಯೂ ಹಾಗೆಯೇ ಮಾಡುತ್ತಿದ್ದಳು. ಆದರೆ ಅಂದು ನಾಲ್ಕನೇ ಹಂತ. ಉಬ್ಬಸದವರು ಕಿಟಕಿ ಬಾಗಿಲು ಮುಚ್ಚಿ ಒಳಗೇ ಇರಬೇಕು ಎಂದು ಅಡುಗೆಮನೆಯ ಬಾಗಿಲು ಹೇಳುತ್ತಿತ್ತು. ಅವಳು ಹೊತ್ತಿಸಿದ ಶೇಗಡಿಯನ್ನು ಒಳಗೆ ತಂದಿಟ್ಟು, ಬೇಳೆ ಬೇಯಲು ಇಟ್ಟು, ಎಲ್ಲವನ್ನೂ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆಯನ್ನೂ ತುರುಕಿದ್ದಳು. ಒದ್ದೆ ಬಟ್ಟೆಯ ಉಪಾಯ ಅವಳ ಸ್ವಂತದ್ದು; ಅದೊಂದನ್ನು ನಾನು ಬರೆದಿರಲಿಲ್ಲ.

ಟ್ಯಾಕ್ಸಿಯಲ್ಲಿ ಡಾಕ್ಟರ ಹತ್ತಿರ ಒಯ್ದೆವು. ಮಲ್ಲವ್ವ ಜೊತೆಗೇ ಬಂದಳು. ಡಾಕ್ಟರು ಆಮ್ಲಜನಕದ ಸಿಲಿಂಡರು ಹಚ್ಚಿದರು. ಅದರ ಕೊಳವೆಯಿಂದ ಬಂದದ್ದು ಯಾವ ಹಂತದ ಗಾಳಿ ಎಂದು ಕೇಳುವ ಮನಸ್ಸು ನನಗಿರಲಿಲ್ಲ. ಬೆಂಚಿನ ಮೇಲೆ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ಆ ಹೆಂಗಸಿನ ಪಕ್ಕದಲ್ಲಿ ಮಲಗಿದ್ದೇನೆ, ಅವಳು ಉಸಿರಾಡುವುದನ್ನು ಅಷ್ಟು ಗಮನವಿಟ್ಟು ಅಂದೇ ಮೊದಲು ನೋಡಿದ್ದು.

ಒಂದು ಗಂಟೆಯಾದ ಮೇಲೆ ಜಾನಕಿ ಕಣ್ಣು ತೆರೆದು, "ಬೇಳೆ ಸೀದಿರತ್ತೆ" ಎಂದಳು. ನನ್ನ ಜೀವ ಬಂತು. ಡಾಕ್ಟರಿಗೂ ಜೀವ ಬಂದಿರಬೇಕು, ಯಾಕೆಂದರೆ ಆಗ ಅವರು ನನ್ನನ್ನು ಬೈಯಲು ಶುರುಮಾಡಿದರು. ಕಲಿತವರು ನೀವು, ಮಾಸ್ತರ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬಾರದು ಎಂದು ಮನೆಯವರಿಗೆ ಹೇಳಬೇಡವೇ, ಊರಿಗೆಲ್ಲ ಕರಪತ್ರ ಹಂಚಿದ್ದಾರೆ, ಅದನ್ನಾದರೂ ಓದಬೇಡವೇ ಎಂದರು. ಮೇಜಿನ ಖಾನೆಯಿಂದ ಇಂಗ್ಲಿಷ್ ಪ್ರತಿ ತೆಗೆದು ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. "ನಿಮ್ಮ ಕನ್ನಡದಲ್ಲೂ ಬಂದಿರಬೇಕಲ್ಲ, ನೋಡಲಿಲ್ಲವೇ?" ಎಂದರು. ನೋಡಿದ್ದೇನೆ ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳುವ ಧೈರ್ಯ ಅಂದು ನನಗಾಗಲಿಲ್ಲ. ಷಟ್ಪದಿ ಎಂದರೆ ಏನು ಎಂದು ಅವರಿಗೆ ವಿವರಿಸುವುದು ತಾನೇ ಹೇಗೆ?

ಮರುದಿನ ಭಾನುವಾರ. ಗಾಳಿ ಬೀಸಿ ಘಾಟು ಹೋಗಿತ್ತು. ಉಳಿದ ಕರಪತ್ರಗಳ ಮೇಲೆಲ್ಲ ಕೊನೆಯ ಎರಡು ಸಾಲನ್ನು ಶಾಯಿಯಲ್ಲಿ ಕೈಯಿಂದ ಬರೆದೆ. ಹಂಚಿದ್ದರ ಪಾಡೇನು? ಯಾರ್ಯಾರ ಮನೆಯಲ್ಲಿ ನನ್ನ ಮಾತು ಕೇಳಿ ಯಾರ್ಯಾರು ಬಾಗಿಲು ಮುಚ್ಚಿಕೊಂಡಿದ್ದಾರೋ! ಶ್ರಾದ್ಧಕ್ಕೆ ಕರೆಯಲು ಹೋದವನ ಮುಖ ಹೊತ್ತು ಮನೆಮನೆಗೆ ಹೋದೆ. ಒಬ್ಬರ ಮನೆಯಲ್ಲಿ ಅದು ಅಕ್ಕಿ ಡಬ್ಬದ ಅಡಿಗೆ ಹಾಸಿತ್ತು. ಇನ್ನೊಬ್ಬರು ಅದರ ಹಿಂಬದಿಯಲ್ಲಿ ಹಾಲಿನವನು ಬಾರದ ದಿನಗಳ ಲೆಕ್ಕ ಬರೆದಿದ್ದರು. ಮೂರನೆಯವರು, "ಓ ಅದಾ, ನಾಟಕದ ಜಾಹೀರಾತು ಅಂತ ಇಟ್ಟಿದ್ದೆ, ಮೇಲೆ ಪದ್ಯ ಇತ್ತಲ್ಲ" ಎಂದರು. ವಾಸಣ್ಣನ ಹೋಟೆಲಿನಲ್ಲಿ ಇಡೀ ಕಟ್ಟು ಗೋಳಿಬಜೆ ಕಟ್ಟಲು ಹೋಗಿತ್ತು. ಅಂದು ಗಾಳಿ ಹಾಕಿದ್ದು ಕೊನೆಯ ನಾಲ್ಕೈದು ಹಾಳೆಗಳಂತೆ. "ಕಾಗದ ಒಳ್ಳೆದಿತ್ತು ಮಾಸ್ಟ್ರೇ, ಎಣ್ಣೆ ಚೆಂದ ಎಳಿತದೆ" ಎಂದು ಹೊಗಳಿದ.

ಕಡೆಗೆ ಮಲ್ಲವ್ವನ ಗುಡಿಸಲಿಗೆ ಹೋದೆ. ಅವಳು ಹೊರಗೆ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಗೆ ಕೊಟ್ಟ ಇಪ್ಪತ್ತು ಕಾಗದ ಏನಾದವು ಎಂದು ಕೇಳಿದೆ.

"ತಗಡಿನ ತೂತಿಗೆ ಹಚ್ಚೀವ್ರಿ. ಘಾಟ ಬಾಳ ಒಳಗ ಬರತಿತ್ತು. ಈಗ ಕಡಿಮಿ ಆಗೈತಿ."

ಒಳಗೆ ಬಗ್ಗಿ ನೋಡಿದೆ. ತಗಡಿನ ಸಂದಿಗಳಲ್ಲಿ ಹಿಟ್ಟಿನ ಅಂಟು ಹಾಕಿ ಕರಪತ್ರಗಳನ್ನು ಅಚ್ಚುಕಟ್ಟಾಗಿ ಹಚ್ಚಿದ್ದಳು. ನನ್ನ ಬರಹ ಗಾಳಿಯನ್ನು ತಡೆದದ್ದು ಇಡೀ ಚೆಂಬೂರಿನಲ್ಲಿ ಅದೊಂದೇ ಕಡೆ. ಮುಚ್ಚಿದ ಮನೆಯೊಳಗೆ ಒಲೆ ಹಚ್ಚಬಾರದು ಎಂಬುದನ್ನು ಅವಳಿಗೆ ಮತ್ತೆ ಬಿಡಿಸಿ ಹೇಳಿದೆ. ಅವಳು ರೊಟ್ಟಿ ಮಗುಚಿ ಹಾಕುತ್ತಾ, "ಹೋದ ಸಲಾನ ಹೇಳಿದ್ರೆಲ್ರಿ. ಅದಕ್ಕ ಒಲಿ ಹೊರಗ ತಂದೀನಿ. ಮಳಿ ಬಂದಾಗ ನೋಡೂಣು" ಎಂದಳು. ನಿಂತೇ ಒಂದು ರೊಟ್ಟಿ ತಿನ್ನಿಸಿ ಕಳಿಸಿದಳು.

ದಾರಿಯುದ್ದಕ್ಕೂ ನನಗೆ ಒಂದು ಕಡೆ ನೆಮ್ಮದಿ, ಒಂದು ಕಡೆ ಅವಮಾನ. ಯಾರಿಗೂ ಏನೂ ಆಗಿಲ್ಲ, ಯಾಕೆಂದರೆ ಯಾರೂ ಓದಿಲ್ಲ. ಅಷ್ಟು ಒದ್ದಾಡಿ ಕನ್ನಡಕ್ಕೆ ತಂದದ್ದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ನಂಬಿ, ಪಾಲಿಸಿದವಳು ಇಡೀ ಮುಂಬಯಿಯಲ್ಲಿ ಒಬ್ಬಳೇ. ಅವಳನ್ನು ಉಳಿಸಿದವಳಿಗೆ ಓದಲು ಬರುವುದಿಲ್ಲ.

ಜಾನಕಿಗೆ ನಿಜ ಹೇಳಲು ನಾನು ನಾಲ್ಕು ದಿನ ತೆಗೆದುಕೊಂಡೆ. ಪದ್ಯಕ್ಕೆ ಜಾಗ ಮಾಡಲು ಕೊನೆಯ ಎರಡು ಸಾಲು ಹೊಡೆದದ್ದು ನಾನೇ ಎಂದಾಗ ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಗ್ಯಾಲರಿಯಲ್ಲಿ ಕೂತು ಇದ್ದಿಲು ಒಡೆಯುತ್ತಿದ್ದವಳು ಕೈ ನಿಲ್ಲಿಸಿ, "ಪದ್ಯ ಚೆನ್ನಾಗಿತ್ತು" ಎಂದಳು. ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ವಾಸಿಯಾಗಿತ್ತು. ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲ ಜಾನಕಿ, ಕೊಡೆ ಒಯ್ಯಬೇಡ ಎಂದರೆ ಒಯ್ಯುತ್ತೀಯ, ಉಪವಾಸ ಬೇಡ ಎಂದರೆ ಮಾಡುತ್ತೀಯ. ಮದುವೆಯಾದಾಗಿನಿಂದ ನಾನು ಹೇಳಿದ ಒಂದು ಮಾತನ್ನೂ ಹೇಳಿದ ಹಾಗೆ ಕೇಳಿದವಳಲ್ಲ. ಇದನ್ನೊಂದು ಯಾಕೆ ಕಣ್ಣುಮುಚ್ಚಿಕೊಂಡು ಪಾಲಿಸಿದೆ?"

ಅವಳು ಮತ್ತೆ ಇದ್ದಿಲು ಒಡೆಯತೊಡಗಿದಳು. "ಮನೇಲಿ ಹೇಳೋದು ನೀವು ಕಣ್ರೀ," ಎಂದಳು. "ಅದು ಅಚ್ಚಾಗಿತ್ತು."

ಆಮೇಲೆ ನಾವು ಚೆಂಬೂರಿನಲ್ಲಿ ಬಹಳ ವರ್ಷ ಇದ್ದೆವು. ಮನೆಯಲ್ಲಿ ತಮ್ಮ ಮಾತು ಯಾರೂ ಕೇಳುವುದಿಲ್ಲ ಎಂದು ಗೆಳೆಯರು ಕೂತಲ್ಲೆಲ್ಲ ದೂರುವುದನ್ನು ಕೇಳುತ್ತೇನೆ. ನನಗೆ ಮಾತ್ರ ಆ ದೂರಿಲ್ಲ. ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಜಾನಕಿಯನ್ನು ಮನೆಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿ ಬರುತ್ತಿದ್ದುದು.